ಸುಖಾಗಮನವನ್ನು ಬಯಸುವ

ಲಗ್ನಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದವರು ನಾನು ಕಂಡಂತೆ ಅಕ್ಕ ಒಬ್ಬರೇ. ನಾವೆಲ್ಲ ಮೊದಲು ಮನೆದೇವರ ಹೆಸರು ನೋಡುತ್ತೇವೆ, ಆಮೇಲೆ ಹುಡುಗ ಯಾರ ಮಗ, ಹುಡುಗಿ ಯಾವ ಊರು, ಮುಹೂರ್ತ ಯಾವತ್ತು ಅಂತ ಇಳಿಯುತ್ತೇವೆ. ಅವರು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ನೇರವಾಗಿ ಕೊನೆಯ ಸಾಲಿಗೆ ಬೆರಳಿಡುತ್ತಿದ್ದರು. "ಕರೆದಿರೋರು ಯಾರು, ಮೊದ್ಲು ಅದನ್ನ ನೋಡಾಣ" ಅನ್ನುತ್ತಿದ್ದರು. ಅದು ತಿಳಿದ ಮೇಲೇ ಉಳಿದದ್ದು.

ಅವರು ನನಗೆ ರಕ್ತಸಂಬಂಧಿಯಲ್ಲ. ನಮ್ಮ ಜಾತಿಯವರೂ ಅಲ್ಲ. ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಹಾಸನದಲ್ಲಿ ಲೋಯರ್ ಸೆಕೆಂಡರಿ ಮುಗಿಸಿ ಸೊಸೆಯಾಗಿ ಬಂದಾಗ ಅವರ ಗಂಡ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಮುಂದೆ ಕೊಬ್ಬರಿ ಮಂಡಿ, ಹಿಂದೆ ಮನೆ, ಮನೆಯಲ್ಲಿ ಒಬ್ಬಳೇ ಮಗಳು. ಹಣೆಗೆ ವಿಭೂತಿ, ಮಾಸಲು ಬಣ್ಣದ ಸೀರೆ, ಬರಿಗೈ. ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವರ ಸಂಜೆಯ ಕೆಲಸ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ, ಬಿಡದಿದ್ದರೆ ಸದ್ದಿಲ್ಲ. ಆ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಕಳೆದ ಕಾರ್ತಿಕದಲ್ಲಿ ಅವರು ಹೋದರು. ಈಗ ಸಂಜೆ ಒಲೆ ಹಚ್ಚುವಾಗ ಕೈ ತಾನಾಗಿ ತಡೆಯುತ್ತದೆ, ಏನೋ ಕೇಳಬೇಕಿತ್ತಲ್ಲ ಅಂತ.

ಅವರಷ್ಟು ಮರ್ಯಾದೆಯ ಮನುಷ್ಯರನ್ನು ನಾನು ನೋಡಿಲ್ಲ. ಮರ್ಯಾದೆ ಅಂದರೆ ನಾಚಿಕೆ ಅಲ್ಲ, ಮೆದುಮಾತೂ ಅಲ್ಲ. ಯಾರಿಗೆ ಏನು ಸಲ್ಲಬೇಕೋ ಅದು ಸಲ್ಲಬೇಕು, ತನಗೆ ಸಲ್ಲಬೇಕಾದ್ದೂ ಸೇರಿ. ಬಂದವರು ಎದ್ದು ಹೊರಟರೆ ಬೀದಿ ಮೆಟ್ಟಿಲವರೆಗೂ ಬಂದು, ಅವರು ತಿರುವಿನಲ್ಲಿ ಮರೆಯಾಗುವ ತನಕ ನಿಂತೇ ಇರುತ್ತಿದ್ದರು. ಕೂಲಿಯಾಳಾದರೂ ಅಷ್ಟೆ, ತಿಪಟೂರಿನ ಸಾಹುಕಾರರಾದರೂ ಅಷ್ಟೆ. ನನಗೆ ಮದುವೆಗೆ ಕರೆಯುವ ಮಾತು ಕಲಿಸಿದವರು ಅವರೇ. ನಮ್ಮ ನಾದಿನಿಯ ಮದುವೆಗೆ ಅವರನ್ನು ಕರೆಯಲು ಹೋಗಿ, "ಅಕ್ಕ, ಮದುವೆಗೆ ಬನ್ನಿ" ಅಂದಿದ್ದೆ. ಅವರು ನಕ್ಕರು. ಬನ್ನಿ ಅಂತ ಸಂತೆಗೂ ಕರೆಯುತ್ತಾರೆ, ಮದುವೆಗೆ 'ನೀವೇ ಮುಂದೆ ನಿಂತು ನಡೆಸಿಕೊಡಬೇಕು' ಅನ್ನಬೇಕು, ಹಾಗೆಂದಾಗ ಕೇಳಿದವರಿಗೆ ಆ ಮನೆಯಲ್ಲಿ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ, ಬರದೆ ಇರಲು ಅವರಿಗೆ ಮನಸ್ಸು ಬರುವುದಿಲ್ಲ ಎಂದು ವಿವರಿಸಿದರು. ನಾನು ಹೊರಗೆ ಹೋಗಿ ಮತ್ತೆ ಒಳಗೆ ಬಂದು ಇನ್ನೊಂದು ಸಲ ಕರೆಯಬೇಕಾಯಿತು.

ಕೊರವಂಗಲದ ಕಡೆಯ ರೈತರೊಬ್ಬರು ಒಂದು ದಿನ ಗಾಡಿಯಲ್ಲಿ ಕೂತೇ, ಎತ್ತನ್ನು ನಿಲ್ಲಿಸದೆ, "ಅವ್ವಾರೇ, ನಾಳಿದ್ದು ಮಗನ ಮದ್ವೆ, ಬಂದ್ಬುಡಿ" ಅಂತ ಕೂಗಿಕೊಂಡು ಹೋದರು. ಅಕ್ಕ ಆಳನ್ನು ಓಡಿಸಿ ಗಾಡಿ ತಿರುಗಿಸಿದರು. ಆತನಿಗೆ ಗಾಬರಿ, ಕಾಯಿಯ ಲೆಕ್ಕದಲ್ಲಿ ಏನೋ ತಪ್ಪಾಗಿದೆ ಅಂದುಕೊಂಡಿದ್ದರು. ಅಕ್ಕ ಮಂದಲಿಗೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಆತ ಕುಡಿದು ಮುಗಿಸಿದ ಮೇಲೆ, "ಈಗ ಕರೀರಪ್ಪ" ಅಂದರು. ಆತ ಟವೆಲು ಹೆಗಲಿಂದ ಇಳಿಸಿ ನಿಧಾನವಾಗಿ ಕರೆದರು. ಅಕ್ಕ ಆ ಮದುವೆಗೆ ಹೋಗಿ ಬಂದರು. "ಬಾಯಲ್ಲಾದ್ರೂ ಸರಿ, ನನ್ನನ್ನೇ ಕರೆದ್ರಲ್ಲ" ಅಂದರು.

ಆ ಮಾತಿನ ಹಿಂದೆ ಏನಿತ್ತು ಅನ್ನುವುದು ನನಗೆ ತಡವಾಗಿ ತಿಳಿಯಿತು. ಗಂಡ ಹೋದಾಗಿನಿಂದ ಅವರ ಮನೆಗೆ ಒಂದು ಲಗ್ನಪತ್ರಿಕೆಯೂ ಬರುತ್ತಿರಲಿಲ್ಲ. ನೆಂಟರು ಯಾರೂ ಅವರನ್ನು ಬಿಟ್ಟಿರಲಿಲ್ಲ. ಆದರೆ ಪತ್ರಿಕೆಯ ಮೇಲೆ ಹೆಂಗಸಿನ ಹೆಸರು, ಅದರಲ್ಲೂ ಗಂಡನಿಲ್ಲದ ಹೆಂಗಸಿನ ಹೆಸರು ಬರೆಯುವ ರೂಢಿ ಇರಲಿಲ್ಲ. ಹಾಗಾಗಿ ಎಲ್ಲ ಹೊಳೆನರಸೀಪುರದಲ್ಲಿದ್ದ ಅವರ ಗಂಡನ ಅಣ್ಣನಿಗೆ ಹೋಗುತ್ತಿತ್ತು. ಆ ಭಾವನವರು ಬೇರೆಯಾಗಿ ಎಷ್ಟೋ ವರ್ಷವಾಗಿತ್ತು. ನೆನಪಾದರೆ ಹೇಳಿ ಕಳಿಸುತ್ತಿದ್ದರು, ಇಲ್ಲದಿದ್ದರೆ ಇಲ್ಲ. ದೊಡ್ಡಗದ್ದವಳ್ಳಿಯಲ್ಲಿ ಅಕ್ಕನ ಸ್ವಂತ ಚಿಕ್ಕಪ್ಪನ ಮಗಳ ಮದುವೆ ಆಗಿದ್ದು ಇವರಿಗೆ ಗೊತ್ತಾದದ್ದು, ಆ ಹುಡುಗಿ ಗಂಡನ ಜೊತೆ ಬಸ್ಸು ಇಳಿದು ಬೀದಿಯಲ್ಲಿ ಸಿಕ್ಕಾಗ. ಅವತ್ತು ಸಂಜೆ ನಮ್ಮ ಜಗಲಿಯಲ್ಲಿ ಕೂತು ಹೇಳಿದರು: "ಅರಸೀಕೆರೆಯಿಂದ ಕೊಬ್ಬರಿಗೆ ಕಾಗದ ಬತ್ತದೆ ನನ್ನ ಹೆಸರಿಗೆ. ಮದ್ವೆಗೆ ಬರಲ್ಲ. ವ್ಯಾಪಾರಕ್ಕೆ ನಾನು ಬದುಕಿದೀನಿ, ನೆಂಟಸ್ತನಕ್ಕೆ ಸತ್ತಿದೀನಿ." ದುಃಖದಲ್ಲಿ ಹೇಳಿದ ಮಾತಲ್ಲ. ಕಾಯಿ ಅಲ್ಲಾಡಿಸಿ ನೋಡಿದ ಹಾಗೆ ಹೇಳಿದರು.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ ಮಗಳು ಗಿರಿಜೆಗೆ ಅರಕಲಗೂಡಿನ ಸಂಬಂಧ ಕೂಡಿಬಂತು. ಒಳ್ಳೆಯ ಮನೆ. ಹುಡುಗ ಮಿಡ್ಲ್ ಸ್ಕೂಲ್ ಮೇಷ್ಟ್ರು. ಹುಡುಗನ ತಂದೆ ಸಾಧು ಮನುಷ್ಯ, ಆದರೆ ತಮ್ಮ ಕಡೆಯವರು ಏನಂದಾರು ಅನ್ನುವುದೇ ಅವರಿಗೆ ದಿನವಿಡೀ ಯೋಚನೆ. ವೀಳ್ಯಶಾಸ್ತ್ರ ಆಯಿತು. ಅದರ ಮರುದಿನ ಹೊಳೆನರಸೀಪುರದಿಂದ ಭಾವನವರು ಬಂದರು, ಜೇಬಿನಲ್ಲಿ ಪತ್ರಿಕೆಯ ಒಕ್ಕಣೆ ಬರೆದುಕೊಂಡು. ನನ್ನನ್ನು ಕರೆದು ಓದಿಸಿದರು. ಶಕೆ, ಸಂವತ್ಸರ, ತಿಥಿ, ವಧೂವರರು, 'ಸಹಕುಟುಂಬ ಪರಿವಾರ ಸಮೇತರಾಗಿ ಬಂದು ತದಂಗ ಸತ್ಕಾರಗಳನ್ನು ಸ್ವೀಕರಿಸಿ' ಎಲ್ಲ ಸರಿಯಾಗಿತ್ತು. ಕಡೆಯಲ್ಲಿ 'ಸುಖಾಗಮನವನ್ನು ಬಯಸುವ' ಅಂತ ಬರೆದು ಅವರ ಹೆಸರು ಮಾತ್ರ ಇತ್ತು. ಹುಡುಗಿ ಇಂಥವರ ತಮ್ಮನ ಮಗಳು. ತಾಯಿಯ ಪ್ರಸ್ತಾಪವೇ ಇಲ್ಲ.

ಅಕ್ಕ ಒಳಗಿನಿಂದ ಕೇಳಿಸಿಕೊಂಡು, ಭಾವನವರ ಎದುರಿಗೆ ಬಾರದೆ, ಬಾಗಿಲ ಮರೆಯಲ್ಲಿ ನಿಂತೇ, ಕೊನೆಗೆ ತಮ್ಮ ಹೆಸರು ಹಾಕಬೇಕು ಅಂದರು. ಭಾವನವರು ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ಕಾಗದ ಅದು, ಅದರಲ್ಲಿ ಅಂಥ ಹೆಸರು ಬಂದರೆ ಹುಡುಗಿಗೆ ಒಳ್ಳೆಯದಲ್ಲ, ತೀರಿಹೋದ ತಮ್ಮನ ಹೆಸರನ್ನೂ ಹಾಕುವ ಹಾಗಿಲ್ಲ, ಇನ್ನು ಉಳಿದವನು ನಾನೇ ತಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಏಳುವಾಗ ಇನ್ನೊಂದು ಮಾತು ಸೇರಿಸಿದರು: ಪತ್ರಿಕೆ ನನ್ನ ಹೆಸರಲ್ಲಿ ಹೋದರೆ ಈ ಮನೆಗೂ ಮಂಡಿಗೂ ಯಜಮಾನ ಯಾರು ಅಂತ ನಾಲ್ಕು ತಾಲ್ಲೂಕಿಗೂ ತಿಳಿಯುತ್ತದೆ, ನಿನಗೂ ಭಾರ ಇಳಿಯುತ್ತದೆ.

ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದರು. ಭಾವನ ಮುಂದೆ ಅವರು ಮುಖ ಕೊಟ್ಟು ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆ ಭಾರ ನಂಗೆ ಅಭ್ಯಾಸ ಆಗ್ಬಿಟ್ಟದೆ ಭಾವಯ್ಯ. ಇಳಿಸ್ಬ್ಯಾಡಿ" ಅಂದರು. ಆಮೇಲೆ ಊಟಕ್ಕೆ ಏಳಿಸಿದರು. ಹೋಳಿಗೆ ಮಾಡಿದ್ದರು. ಎರಡು ಸಲ ಬಡಿಸಿದರು.

ಪತ್ರಿಕೆ ಅಚ್ಚು ಹಾಕಿಸಲು ನಾವಿಬ್ಬರೂ ಹಾಸನಕ್ಕೆ ಹೋದೆವು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಏರು ಬಂದಾಗ ಇಳಿದು ನಡೆಯಬೇಕು. ಅಕ್ಕ ಬಸ್ಸಿಗಿಂತ ಮುಂದೆ ನಡೆದು ದಿಬ್ಬದ ಮೇಲೆ ಕಾಯುತ್ತಿದ್ದರು. ಪ್ರೆಸ್ಸಿನವರು ಕಾಗದದ ಅಭಾವ ಹೇಳಿ, ತೆಳುವಾದ ಗುಲಾಬಿ ಕಾಗದ ತೋರಿಸಿ, ಒಕ್ಕಣೆ ಓದಿ, ಕೊನೆಯಲ್ಲಿ ತಡೆದರು. ಗಂಡಸರ ಹೆಸರು ಬಿಟ್ಟುಹೋಗಿದೆ ಅಂದರು. ಬಿಟ್ಟಿಲ್ಲ ಅಂದರು ಅಕ್ಕ. ಪ್ರೆಸ್ಸಿನವರು ನನ್ನ ಮುಖ ನೋಡಿದರು, ಓದಿದವಳಂತೆ ಕಾಣುತ್ತೀ, ನೀನಾದರೂ ಹೇಳು ಅನ್ನುವಂತೆ. ನಾನು ಅಕ್ಕನ ಕಡೆ ಕೈ ತೋರಿಸಿದೆ. ಇಂಥದ್ದನ್ನು ತಮ್ಮ ಪ್ರೆಸ್ಸಿನಲ್ಲಿ ಇದುವರೆಗೆ ಮಾಡಿಲ್ಲ, ನಾಳೆ ಜನ ತಮ್ಮದೇ ತಪ್ಪು ಅಂದಾರು ಎಂದು ಅವರು ಗೊಣಗಿದರು. "ಜನ ಕೇಳಿದ್ರೆ ಕೆಳಗೆ ಹೆಸರದೆಯಲ್ಲ, ಅವಳನ್ನ ಕೇಳಿ ಅನ್ನಿ" ಅಂದರು ಅಕ್ಕ. 'ಸುಖಾಗಮನವನ್ನು ಬಯಸುವ' ಅನ್ನುವ ಸಾಲಿನ ಕೆಳಗೆ, ಹಿಂದೆ ಮುಂದೆ ಏನೂ ಇಲ್ಲದೆ, ಅವರ ಹೆಸರು ಅಚ್ಚಾಯಿತು. ಊರು, ಕೊಬ್ಬರಿ ಮಂಡಿ, ಅಷ್ಟೆ.

ಪತ್ರಿಕೆ ಬಂದ ಮೇಲೆ ಇನ್ನೊಂದು ತೊಡಕು. ಊರೊಳಗಿನ ಮನೆಗಳಿಗೆ ಬರೀ ಕಾಗದ ಕೊಟ್ಟರಾಗದು, ಹೆಂಗಸರು ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಅಕ್ಕ ಕುಂಕುಮ ಮುಟ್ಟುವ ಹಾಗಿಲ್ಲ. ಅವರು ನನ್ನನ್ನು ಕೇಳಿದರು. ಕುಂಕುಮ ನೀನು ಕೊಡು, ಮಾತು ನಾನು ಆಡುತ್ತೇನೆ ಅಂದರು. ನನಗೇ ಅಳುಕಿತ್ತು. ನಮ್ಮತ್ತೆಗೆ ತಿಳಿದಾಗ ಮನೆಯೆಲ್ಲ ರಂಪವಾಯಿತು.

"ಅವ್ಳು ಮುಂಡೆ ಕಣೆ. ಅವ್ಳ ಜತ್ಗೆ ಕುಂಕುಮದ ಬಟ್ಲು ಇಡ್ಕಂಡು ಬೀದಿ ತಿರುಗ್ತೀಯಾ? ನನ್ ಮಗ ಚೆನ್ನಾಗಿರೋದು ಬ್ಯಾಡ್ವಾ ನಿಂಗೆ?"

ನಮ್ಮ ಯಜಮಾನರು ತಾಲ್ಲೂಕು ಕಚೇರಿಯಿಂದ ಬಂದು ಕೂತಿದ್ದರು. ನನಗೇನೂ ಆಗಲ್ಲಮ್ಮ, ಹೋಗಿ ಬರಲಿ ಅಂದರು. ಅತ್ತೆ ಅವತ್ತಿನಿಂದ ನನ್ನ ಕೈಯ ಕಾಫಿ ಕುಡಿಯಲಿಲ್ಲ.

ನಾವು ಹೋದೆವು. ಮೊದಲ ಮನೆಯಲ್ಲೇ ಒಳಗೆ ಬಾರಮ್ಮ ಅಂತ ನನ್ನೊಬ್ಬಳನ್ನು ಕರೆದು, ಅಕ್ಕನಿಗೆ ಜಗಲಿ ತೋರಿಸಿದರು. ಅಕ್ಕ ಜಗಲಿಯಲ್ಲಿ ನಿಂತೇ, ಒಳಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ, ಒಂದು ಮಾತೂ ಬಿಡದೆ ಕರೆದರು. ಮನೆದೇವರ ಹೆಸರು ಹೇಳಿ, ಮಗಳ ಹೆಸರು ಹೇಳಿ, ಬೀಗರ ಊರು ಹೇಳಿ, "ನೀವೇ ಮುಂದೆ ನಿಂತು ನಡೆಸಿಕೊಡಬೇಕು" ಅಂದರು. ಇನ್ನೊಂದು ಮನೆಯಲ್ಲಿ ನಾವು ಬರುವುದನ್ನು ಕಂಡು ಬಾಗಿಲು ಹಾಕಿಕೊಂಡರು. ಅಕ್ಕ ಮುಚ್ಚಿದ ಬಾಗಿಲಿಗೂ ಅದೇ ಮಾತು ಪೂರ್ತಿ ಹೇಳಿ, ಪತ್ರಿಕೆಯನ್ನು ಚಿಲಕಕ್ಕೆ ಸಿಕ್ಕಿಸಿ ಬಂದರು. ನನ್ನ ಕಣ್ಣು ತುಂಬಿತ್ತು. ಅವರು ಬೈದರು. "ನೀನ್ಯಾಕೆ ಅಳ್ತೀಯ? ಬಾಗಿಲು ಹಾಕ್ಕಂಡಿದ್ದು ಅವ್ರ ಮರ್ಯಾದೆ, ಕರೆದಿದ್ದು ನಮ್ಮ ಮರ್ಯಾದೆ. ಮೂಗು ಒರೆಸ್ಕ, ಮುಂದಿನ ಮನೇಲಿ ಕುಂಕುಮ ಕೊಡ್ಬೇಕು." ಎಲ್ಲ ಮನೆಯೂ ಹಾಗಿರಲಿಲ್ಲ. ಕೆಲವರು ಮಣೆ ಹಾಕಿ ಕೂರಿಸಿದರು. ಒಬ್ಬ ಮುದುಕಿ ನನ್ನಿಂದ ಕುಂಕುಮ ಇಡಿಸಿಕೊಂಡು, ಅಕ್ಕನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಭಾವನವರಿಗೆ ಒಂದು ಪತ್ರಿಕೆಯನ್ನು ವೀಳ್ಯದೆಲೆ ಅಡಿಕೆ ಸಮೇತ ಅಕ್ಕ ತಮ್ಮ ತವರಿನ ತಮ್ಮನ ಕೈಯಲ್ಲಿ ಕಳಿಸಿದರು. ಅಕ್ಕನ ತಮ್ಮ ಧಾರೆ ಎರೆಯಲು ಹೆಂಡತಿಯೊಂದಿಗೆ ಬಂದಿದ್ದವರು, ಅವರೇ ಹೊಳೆನರಸೀಪುರಕ್ಕೆ ಹೋಗಿ ಕೊಟ್ಟುಬಂದರು. ಭಾವನವರು ಅದಕ್ಕೆ ಕೆಲಸದಲ್ಲೇ ಉತ್ತರ ಕೊಟ್ಟರು. ಅವರೂ ಬೇರೆ ಪತ್ರಿಕೆ ಅಚ್ಚು ಹಾಕಿಸಿ, ತಮ್ಮ ಹೆಸರಿನಲ್ಲಿ, ಅದೇ ಮದುವೆಗೆ, ಅದೇ ಮುಹೂರ್ತಕ್ಕೆ, ನಾಲ್ಕು ತಾಲ್ಲೂಕಿಗೂ ಹಂಚಿಸಿದರು. ಜನರ ಕೈಗೆ ಒಂದು ಮದುವೆಗೆ ಎರಡು ಪತ್ರಿಕೆ ಬಂತು. ನಮ್ಮ ಮನೆಗೆ ಅವರದನ್ನು ಒಬ್ಬ ಆಳು ತಂದು, ಹೊಸ್ತಿಲಲ್ಲಿ ಎಸೆದು, ಮಾತಿಲ್ಲದೆ ಹೋದ. ಅತ್ತೆ ಅದನ್ನು ಎತ್ತಿಕೊಂಡು ನೋಡಿದರು. ಅವರಿಗೆ ಓದು ಬಾರದು, ಆದರೆ ಎಸೆದಿದ್ದು ಕಂಡಿತ್ತು.

"ಆಳಿನ್ ಕೈಲಿ ಕಳ್ಸವ್ನೆ. ಇದೇನು ಕೋರ್ಟಿನ್ ನೋಟೀಸಾ? ಅವ್ಳು ಬಂದು ನಿಂತು ಕರುದ್ಲು" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಮದ್ವೆಗೆ ಎಲ್ಡು ಪತ್ರಿಕೆ ಬಂದ್ರೆ ಎಲ್ಡು ಸತಿ ಉಣ್ಬೇಕಾ?" ಅಂತ ನನ್ನನ್ನೇ ಕೇಳಿದರು. ಸಂಜೆ ನನ್ನ ಕೈಯ ಕಾಫಿ ಕುಡಿದರು.

ಆ ಎರಡನೆಯ ಪತ್ರಿಕೆಯಲ್ಲಿ ಕೋರುವವರ ಸಾಲಿನಲ್ಲಿ, ತಾಲ್ಲೂಕು ಕಚೇರಿಯ ತೂಕವೂ ಇರಲಿ ಅಂತ, ನಮ್ಮ ಯಜಮಾನರ ಹೆಸರೂ ಇತ್ತು. ಯಾರೂ ಕೇಳಿರಲಿಲ್ಲ. ಅಕ್ಕನಿಗೆ ತಮ್ಮ ಹೆಸರು ಬಿಟ್ಟಿದ್ದಕ್ಕಿಂತ ಅದು ಹೆಚ್ಚು ಸಿಟ್ಟು ತಂದಿತು. ಕೇಳದೆ ಒಬ್ಬರ ಹೆಸರನ್ನು ಇನ್ನೊಬ್ಬರು ಅಚ್ಚಿಗೆ ಕೊಡಬಾರದು, ಹೊಗಳುವುದಕ್ಕಾದರೂ ಕೊಡಬಾರದು ಅಂದರು. ಈ ಬರಹದಲ್ಲಿ ಅವರ ಹೆಸರಿಲ್ಲದಿರುವುದು ಅದಕ್ಕೇ. ಯಾವ ಹೆಸರಿಗಾಗಿ ಅವರು ಅಷ್ಟು ಮಾಡಿದರೋ ಅದನ್ನು ಬರೆಯದೆ ಇರುವುದು ನನಗೂ ಕಷ್ಟ. ಆದರೆ ಕೇಳೋಣ ಅಂದರೆ ಗೋಡೆಯ ಆ ಕಡೆ ಅವರಿಲ್ಲ.

ಎರಡು ಪತ್ರಿಕೆಯೂ ಅರಕಲಗೂಡಿಗೆ ತಲುಪಿ, ಹುಡುಗನ ತಂದೆ ಬಂದರು. ಮಂಡಿಯಲ್ಲೇ ಕೂತರು. ಎರಡನ್ನೂ ಮಂದಲಿಗೆಯ ಮೇಲೆ ಪಕ್ಕಪಕ್ಕ ಇಟ್ಟರು. ನಾನು ಗಿರಿಜೆಯ ಜೊತೆ ಒಳಗಿದ್ದೆ, ಬಾಗಿಲು ತೆರೆದಿತ್ತು.

"ತಾಯಿ, ನಮ್ಮ ಕಡೆಯೋರು ಕೇಳ್ತಾವ್ರೆ. ಕರ್ದಿರೋದು ಯಾರು ಅಂತ."

"ನಾನು."

"ಅಲ್ಲ, ಶುಭಕಾರ್ಯ. ನಂಗೇನೂ ಇಲ್ಲ. ಜನ..."

"ಹೆಣ್ಣು ಹೆತ್ತೋಳು ನಾನಾದ್ರೆ ಶುಭಕಾರ್ಯಕ್ಕೆ ಆಗ್ತದೆ. ಸಾಕಿದೋಳು ನಾನಾದ್ರೆ ಆಗ್ತದೆ. ಕರೆಯೋಳು ನಾನಾದ್ರೆ ಆಗಲ್ವಾ?"

ಅವರು ಬೆವರು ಒರೆಸಿಕೊಂಡರು. ಮೂರನೆಯ ದಾರಿಯೊಂದನ್ನು ಯೋಚಿಸಿಕೊಂಡೇ ಬಂದಿದ್ದರು. ಯಾರ ಹೆಸರೂ ಬೇಡ, ಬಂಧುಬಳಗ ಅಂತ ಇನ್ನೊಂದು ಅಚ್ಚು ಹಾಕಿಸೋಣ, ಅದರ ಖರ್ಚು ತಮ್ಮದೇ ಅಂದರು.

"ಬಂಧುಬಳಗ ಅನ್ನೋರು ಚಪ್ಪರದ ಬಾಗಲಲ್ಲಿ ನಿಂತು ನಿಮ್ಮ ಕಾಲಿಗೆ ನೀರು ಕೊಡ್ತಾರಾ?" ಅಂದರು ಅಕ್ಕ. "ಕೊಡೋಳು ನಾನು."

ಒಳಗೆ ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವಳಿಗೆ ಹುಡುಗ ಇಷ್ಟವಾಗಿದ್ದ. ತಡೆಯಲಾರದೆ ಬಾಗಿಲಿಗೆ ಹೋಗಿ, "ಅವ್ವಾ, ಯಾರ ಹೆಸರಾದ್ರೂ ಹಾಕ್ಸವ್ವ. ಮದ್ವೆ ಆದ್ರೆ ಸಾಕು" ಅಂದಳು. ಭಾವೀ ಮಾವನ ಎದುರಿಗೆ ಮದುಮಗಳು ಮಾತಾಡಿದ್ದು ಅಲ್ಲಿದ್ದ ಎಲ್ಲರಿಗೂ ಇರುಸುಮುರುಸಾಯಿತು. ಅಕ್ಕ ಗದರಲಿಲ್ಲ. ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿಂಗೆ ಸಾಕು ಅನ್ನಿಸ್ತದೆ ಈಗ. ನಾಳೆ ನಿನ್ನ ಮನೆ ಬಾಗಲಲ್ಲಿ ನಿನ್ನ ಹೆಸರು ಹಿಡಿದು ಯಾರೂ ಕರೀದೆ ಹೋದಾಗ ನಿಂಗೆ ನೆನಪಾಗ್ತದೆ. ಆಗ ನಾನಿರಲ್ಲ. ಒಳಗೆ ಹೋಗು." ಆಮೇಲೆ ಬೀಗರಿಗೆ ಹೇಳಿದರು: "ಹೆಣ್ಣು ಬ್ಯಾಡ ಅನ್ನೋದಾದ್ರೆ ಈಗ್ಲೇ ಅನ್ನಿ, ನಿಮ್ಮ ಮೇಲೆ ಸಿಟ್ಟಿಲ್ಲ. ಊಟ ಮಾಡ್ಕಂಡು ಹೋಗಿ. ಬ್ಯಾಡ ಅಂದೋರನ್ನೂ ನಾನು ಹಸಿದ ಹೊಟ್ಟೇಲಿ ಕಳ್ಸಲ್ಲ."

ಅವರು ಉಂಡರು. ತಲೆ ಎತ್ತದೆ ಉಂಡರು. ಕೈ ತೊಳೆದ ಮೇಲೆ ಮುಹೂರ್ತಕ್ಕೆ ತಾವು ಬರುವುದು ಖಂಡಿತ, ತಮ್ಮವರು ಎಷ್ಟು ಜನ ಬರುತ್ತಾರೋ ಹೇಳಲಾರೆ ಅಂದರು. ಗಿರಿಜೆ ಅವತ್ತು ತಾಯಿಯ ಜೊತೆ ಮಾತಾಡಲಿಲ್ಲ. ಅಕ್ಕ ನಮ್ಮ ಜಗಲಿಗೆ ಬಂದು ಕೂತು, ಅಡಿಗೆಯವರಿಗೆ ಹೇಳಿದ ಲೆಕ್ಕ ಕಡಿಮೆ ಮಾಡುವುದಿಲ್ಲ, ಒಬ್ಬರು ಬಂದರೂ ಅಷ್ಟೇ ಬೇಯಲಿ ಅಂದರು.

ಮದುವೆಯ ದಿನ ಬೆಳಿಗ್ಗೆ ಭಾವನವರು ಜರಿ ಪೇಟ ಸುತ್ತಿಕೊಂಡು ಬಂದೇಬಿಟ್ಟರು. ಬಂದವರು ಚಪ್ಪರದ ಬಾಗಿಲಲ್ಲಿ ನಿಂತು, ಒಳಗೆ ಬರುವವರಿಗೆ ಕೈಮುಗಿಯಲು ಶುರು ಮಾಡಿದರು, ಮನೆಯ ಯಜಮಾನರ ಹಾಗೆ. ಜನ ಒಬ್ಬರಿಗೊಬ್ಬರು ಕಣ್ಣು ಸನ್ನೆ ಮಾಡಿಕೊಳ್ಳುತ್ತಿದ್ದರು. ಏನಾದರೂ ಮಾತು ಬೆಳೆದರೆ ಮುಹೂರ್ತವೇ ಕೆಡುತ್ತಿತ್ತು. ಅಕ್ಕ ನೀರಿನ ಚೊಂಬು ಹಿಡಿದು ಹೊರಗೆ ಬಂದರು. ಭಾವನ ಕಾಲ ಹತ್ತಿರ ಬಗ್ಗಿ ಚೊಂಬು ಇಟ್ಟು, ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಭಾವಯ್ಯ, ನನ್ನ ಪತ್ರಿಕೆ ಮನ್ನಿಸಿ ದೂರದಿಂದ ಬಂದಿದೀರ, ಸಂತೋಷ. ಕಾಲು ತೊಳ್ಕಂಡು ಒಳಗೆ ದಯಮಾಡ್ಸಿ, ನಿಮಗೆ ಮುಂದಿನ ಸಾಲಲ್ಲಿ ಜಾಗ ಹಾಸಿದೀವಿ" ಅಂದರು. ಬಂದ ನೆಂಟನಿಗೆ ಸಲ್ಲುವ ಮರ್ಯಾದೆ ಒಂದು ಗುಂಜಿಯೂ ಕಮ್ಮಿಯಿರಲಿಲ್ಲ. ಅದನ್ನು ಬೇಡ ಅನ್ನುವ ದಾರಿ ಭಾವನವರಿಗೆ ಕಾಣಲಿಲ್ಲ. ಕಾಲು ತೊಳೆದರು, ಒಳಗೆ ಹೋದರು, ಕೂತರು.

ಅಕ್ಕ ಆ ಬಾಗಿಲಲ್ಲಿ ನಿಂತರು. ಗಂಡನಿಲ್ಲದ ಹೆಂಗಸು, ಮದುವೆ ಚಪ್ಪರದ ಬಾಗಿಲಲ್ಲಿ, ಬರುವವರಿಗೆ ಮೊದಲು ಕಾಣುವ ಹಾಗೆ. ಬೀದಿಯಲ್ಲಿ ಬಂದ ಜನ ಗುಂಪಾಗಿ ನಿಂತರು. ಯಾರೂ ಮುಂದೆ ಬರಲಿಲ್ಲ. ಓಲಗದವರೂ ಊದುವುದನ್ನು ನಿಲ್ಲಿಸಿದ್ದರು. ಆಗ ನಮ್ಮತ್ತೆ ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿಕೊಂಡು ಬಂದು, ಸೀರೆ ಎತ್ತಿ ಹಿಡಿದು, ಎರಡೂ ಪಾದ ಮುಂದೆ ಚಾಚಿ, "ಏನ್ ನೋಡ್ತೀಯೆ, ಉಯ್ಯಿ ನೀರ. ಉರಿ ಬಿಸ್ಲು" ಅಂದರು. ಅಕ್ಕ ನೀರು ಹೊಯ್ದರು. ಅತ್ತೆಯ ಹಿಂದೆ ಮಂಡಿಯ ಜನ ಬಂದರು, ಅವರ ಹಿಂದೆ ಉಳಿದವರು. ಬಾಗಿಲು ಹಾಕಿಕೊಂಡಿದ್ದ ಮನೆಯವರು ಬರಲಿಲ್ಲ. ಅರಕಲಗೂಡಿನಿಂದ ಅರ್ಧಕ್ಕಿಂತ ಕಡಿಮೆ ಜನ ಬಂದರು. ಉಳಿದ ಅಡಿಗೆಯನ್ನು ಅಕ್ಕ ಮರುದಿನ ಸಂತೆಬೀದಿಯವರನ್ನೆಲ್ಲ ಕರೆದು ಬಡಿಸಿದರು. ಒಬ್ಬೊಬ್ಬರನ್ನೂ ಹೋಗಿ ಕರೆದೇ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅರಕಲಗೂಡಿನಲ್ಲಿ ಬೀಗರ ಔತಣ ಇಟ್ಟಾಗ ಪತ್ರಿಕೆ ಹೋದದ್ದು ಹೊಳೆನರಸೀಪುರಕ್ಕೆ, ಭಾ‌ವನವರ ಹೆಸರಿಗೆ. ಇಲ್ಲಿಗೆ ಯಾರದೋ ಬಾಯಲ್ಲಿ ಹೇಳಿ ಕಳಿಸಿದರು. ಅಕ್ಕ ಹೋಗಲಿಲ್ಲ. ಗಿರಿಜೆಗೆ ಗಂಡುಮಗುವಾಗಿ ತೊಟ್ಟಿಲು ಹಾಕಿದಾಗಲೂ ಹಾಗೆಯೇ ಆಯಿತು, ಆಗಲೂ ಹೋಗಲಿಲ್ಲ. ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಎತ್ತಿ ಆಡಿಸಿದ ಮೊಮ್ಮಗನನ್ನು, ಮಗಳು ಮತ್ತೆ ಕರೆದುಕೊಂಡು ಬಂದಾಗಲಷ್ಟೇ ನೋಡುತ್ತಿದ್ದರು. ನಾನೊಮ್ಮೆ ಜಗಳವಾಡಿದೆ. ಒಂದು ಕಾಗದಕ್ಕೋಸ್ಕರ ಮಗುವನ್ನು ಬಿಡುತ್ತೀರಾ ಅಂದೆ. "ಕಾಗದಕ್ಕಲ್ಲ ಕಣವ್ವ" ಅಂದರು. "ಒಂದ್ಸಲ ಹಂಗೇ ಹೋದ್ರೆ ಇನ್ಯಾವತ್ತೂ ಬರೆಯಲ್ಲ ಅವ್ರು." ಅವರು ಬರೆಯಲೇ ಇಲ್ಲ, ಇವರು ಹೋಗಲೇ ಇಲ್ಲ. ಮಂಡಿ ಮಾತ್ರ ಕೊನೆಯವರೆಗೂ ಅವರ ಕೈಯಲ್ಲೇ ಇತ್ತು, ಭಾವನವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಾರ್ತಿಕದಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ಹೋದರು. ಅವರ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಕರೆಯಲು ನಮ್ಮ ಮನೆಗೆ ಬಂದವರು ಅರಕಲಗೂಡಿನ ಬೀಗರೇ. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಸಾವಿನ ಮನೆಯಿಂದ ಬಂದವರು ಒಳಗೆ ಬರಬಾರದು ಅಂತ ಬೀದಿ ಮೆಟ್ಟಿಲಲ್ಲೇ ನಿಂತು ಕಾಗದ ಕೊಟ್ಟರು. ಬಿಳಿ ಕಾಗದ, ಅರಿಶಿನವಿಲ್ಲ. ಅಕ್ಕನ ಹೆಸರು ನಡುವೆ ದಪ್ಪ ಅಕ್ಷರದಲ್ಲಿತ್ತು. ಕರೆಯುವವರ ಜಾಗದಲ್ಲಿ ಅಳಿಯನ ಹೆಸರಿರಲಿಲ್ಲ, ಬೀಗರ ಹೆಸರಿರಲಿಲ್ಲ, ಹೊಳೆನರಸೀಪುರದವರದೂ ಇರಲಿಲ್ಲ. 'ಮಗಳು' ಅಂತ ಇತ್ತು, ಅದರ ಮುಂದೆ ಗಿರಿಜೆಯ ಹೆಸರು.

ನಾನು ತಲೆ ಎತ್ತಿ ನೋಡಿದೆ. ಅವರಿಗೆ ಅರ್ಥವಾಯಿತು.

"ಪ್ರೆಸ್ಸಿಗೆ ಅವ್ಳೇ ಹೋಗಿದ್ಲು ಕಣಮ್ಮ. ನನ್ನನ್ನ ಕೇಳ್ಲಿಲ್ಲ" ಅಂದರು. ಆಮೇಲೆ, "ಬ್ಯಾಡ ಅನ್ನಾಣ ಅಂತ ಬಾಯ್ತೆಗದೆ. ಅವ್ಳು ಊಟಕ್ಕೆ ಏಳಿ ಮಾವಯ್ಯ ಅಂದ್ಲು. ಎದ್ದೋಗಿ ಉಂಡೆ."

ಮೆಟ್ಟಿಲು ಇಳಿದು ಅವರು ಹೋದರು. ಇಂಥ ಕಾರ್ಯಕ್ಕೆ ಕರೆಯಲು ಬಂದವರು ಹೋಗಿಬರುತ್ತೇನೆ ಅನ್ನುವುದಿಲ್ಲ. ಅವರೂ ಅನ್ನಲಿಲ್ಲ.

ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಹರಿದಿಲ್ಲ. ನಡುಮನೆಯಲ್ಲಿ, ಬಂದವರಿಗೆ ಕಾಣುವ ಹಾಗೆ, ಮೊಳೆಗೆ ಸಿಕ್ಕಿಸಿದ್ದೇನೆ. ನೋಡಿದವರು ತೆಗೆಯಮ್ಮ, ಒಳ್ಳೆಯದಲ್ಲ ಅನ್ನುತ್ತಾರೆ. ಅವರಿಗೆ ಮಣೆ ಹಾಕಿ ಕೂರಿಸುತ್ತೇನೆ, ನೀರು ಕೊಡುತ್ತೇನೆ, ಊಟದ ಹೊತ್ತಾಗಿದ್ದರೆ ಎಲೆ ಹಾಕುತ್ತೇನೆ. ಕಾಗದ ತೆಗೆಯುವುದಿಲ್ಲ.